ಒಂದು ಮಾನಿಟರ್, ಎರಡು ಶಿಫ್ಟು

2013ರ ಜೂನ್ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಗೆ ಇಪ್ಪತ್ತಮೂರು ಇಂಚಿನ ಕಂಪ್ಯೂಟರ್ ಮಾನಿಟರ್ ಒಂದು ಬಂತು. ಕೊಂಡು ತಂದವರು ಮೂವರು: ನನ್ನ ತಮ್ಮ ಶಿವು, ನಮ್ಮ ತಂದೆ, ನಾನು. ಆಟೊದಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವರು ಅಪ್ಪಾಜಿ. ಎಸ್.ಪಿ. ರೋಡಿನ ಅಂಗಡಿಯಿಂದ ಮನೆಯವರೆಗೂ ಅವರು ಡಬ್ಬಿಯ ಮೇಲೆ ಅಚ್ಚಾಗಿದ್ದುದನ್ನೆಲ್ಲ ಓದಿದರು. ಒಂದನ್ನೂ ನಂಬಲಿಲ್ಲ.

ಮೊನ್ನೆ ಇನ್ನೊಂದು ಡಬ್ಬಿಗೆ ಜಾಗ ಮಾಡಲು ಅಟ್ಟದ ಸಾಮಾನು ಇಳಿಸಿದಾಗ ಆ ಹಳೆಯ ಡಬ್ಬಿ ಸಿಕ್ಕಿತು. ಒಳಗೆ ಮಾನಿಟರಿನ ಅಳತೆಗೇ ಕೊರೆದ ಥರ್ಮಾಕೋಲು, ಕವರು ಹರಿಯದ ಒಂದು ಸಿ.ಡಿ., ವಾರಂಟಿ ಕಾರ್ಡು. ನಮ್ಮ ಮನೆಯಲ್ಲಿ ಡಬ್ಬಿ ಬಿಸಾಡುವ ಪದ್ಧತಿ ಇಲ್ಲ. ಸಾಮಾನು ಕೆಟ್ಟು ವಾಪಸು ಕೊಡಬೇಕಾಗಿ ಬಂದರೆ? ಮಿಕ್ಸಿ ಕೆಟ್ಟು, ಗುಜರಿಗೆ ಹೋಗಿ, ಅದರ ಜಾಗಕ್ಕೆ ಬಂದ ಮಿಕ್ಸಿಯೂ ಕೆಟ್ಟ ಮೇಲೂ ಮೊದಲನೆಯದರ ಡಬ್ಬಿ ನಮ್ಮ ಅಟ್ಟದಲ್ಲಿ ಗಟ್ಟಿಮುಟ್ಟಾಗಿ ಕೂತಿದೆ. ಅಂಗಡಿಯವನು ಮೋಸ ಮಾಡೇ ಮಾಡುತ್ತಾನೆ ಎಂಬ ಭರವಸೆಯ ಮೇಲೆ ಕಟ್ಟಿದ ಸಂಸಾರ ನಮ್ಮದು.

ಇದು ತಾಯಿಯ ಕಡೆಯಿಂದ ಬಂದದ್ದು ಎಂದು ಅಪ್ಪಾಜಿ ಹೇಳುತ್ತಾರೆ. ಇರಬಹುದು. ಅಮ್ಮ ಇದ್ದಾಗ ಸೀರೆ ಕೊಳ್ಳುವುದೆಂದರೆ ಒಂದು ವಿಚಾರಣೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೋರಿಸಿದ ಬಣ್ಣವನ್ನು ಆಕೆ ಒಂದು ದಿನವೂ ಒಪ್ಪಿದವಳಲ್ಲ. ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಸೀದಾ ಫುಟ್‌ಪಾತಿಗೆ ಇಳಿದುಬಿಡುತ್ತಿದ್ದಳು. ಹಿಂದೆ ಅಂಗಡಿಯ ಹುಡುಗಿ ಗಾಬರಿಯಿಂದ ಓಡುತ್ತಿದ್ದಳು. ಜಾಮೀನಾಗಿ ಅಪ್ಪಾಜಿ ಮತ್ತು ನಾವಿಬ್ಬರು ಒಳಗೆ ಬಿಳಿ ಹಾಸಿಗೆಯ ಮೇಲೆ ಕೂತಿರುತ್ತಿದ್ದೆವು. ಅಮ್ಮ ಬಿಸಿಲಿನಲ್ಲಿ ಸೆರಗನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಒಳಗೆ ಬಂದು ಒಂದೇ ಮಾತು ಹೇಳುತ್ತಿದ್ದಳು: "ಒಳಗ ಒಂದು ಬಣ್ಣ, ಹೊರಗ ಒಂದು ಬಣ್ಣ."

ಅಪ್ಪಾಜಿಯ ದಾಖಲೆಯೂ ಅಷ್ಟೇನೂ ಸ್ವಚ್ಛವಲ್ಲ. ನಮ್ಮ ಮೊದಲ ಟಿ.ವಿ. ಕಪ್ಪು-ಬಿಳುಪಿನದು. ಅದಕ್ಕೆ ಅವರು ಸೈಕಲ್ಲಿನವನೊಬ್ಬನಿಂದ ಬಣ್ಣದ ಪ್ಲಾಸ್ಟಿಕ್ ಹಾಳೆ ಕೊಂಡು ತಂದು ಪರದೆಯ ಮುಂದೆ ಕಟ್ಟಿದ್ದರು. ಮೇಲೆ ನೀಲಿ, ನಡುವೆ ಗುಲಾಬಿ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಅದೇ ಅನುಕ್ರಮದಲ್ಲಿ ನಿಂತಾಗ ನಮ್ಮ ಮನೆಯಲ್ಲಿ ಕಲರ್ ಟಿ.ವಿ. ಇತ್ತು. ವಾರ್ತೆ ಓದುವವಳ ಮುಖ ಪರದೆ ತುಂಬ ಬಂದಾಗ ಮಾತ್ರ ಹಣೆ ನೀಲಿ, ಗದ್ದ ಹಸಿರು. "ಆ ಹುಡುಗಿಗೆ ಏನೋ ಹಾವು ಕಡದಂಗ ಕಾಣ್ತದ, ತಗೀರಿ ಅದನ್ನ" ಎಂದು ಅಮ್ಮ ತೆಗೆಸಿದಳು. ಅಪ್ಪಾಜಿ ಹಾಳೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಈಗಲೂ ಅಲ್ಲಿದೆ.

ಇಂಥ ಮನೆಯಲ್ಲಿ ಹುಟ್ಟಿ ನಾನು ಹಿಡಿದದ್ದು ಪತ್ರಿಕೆಯ ಡೆಸ್ಕಿನ ಕೆಲಸ. ಅನುಮಾನ ಪಡುವುದಕ್ಕೆ ಸಂಬಳ ಕೊಡುವ ಕೆಲಸ ಇನ್ನೊಂದು ಇದೆಯೋ ಇಲ್ಲವೋ ತಿಳಿಯದು. ವರದಿಗಾರ 'ಸಾವಿರಾರು ಜನ ಸೇರಿದ್ದರು' ಎಂದು ಬರೆದರೆ ಫೋನು ಮಾಡಿ, ಎಣಿಸಿದವರು ಯಾರು ಎಂದು ಕೇಳುವುದು ನನ್ನ ಕರ್ತವ್ಯ. ವರ್ಷಗಟ್ಟಲೆ ಕೇಳಿ ಕೇಳಿ ಅದು ಕಚೇರಿಯಲ್ಲಿ ನಿಲ್ಲದೆ ಮನೆಗೂ ಬಂತು. ಸೊಪ್ಪಿನವಳು "ಈಗ್ತಾನೆ ಕಿತ್ತಿದ್ದು ಅಕ್ಕ" ಎಂದರೆ, ಕಿತ್ತವರು ಯಾರು, ಎಲ್ಲಿ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಕೆಲವು ಸಲ ನಿಲ್ಲುವುದಿಲ್ಲ.

ಅಪ್ಪಾಜಿ ರಾಣೆಬೆನ್ನೂರು ಕಡೆಯಿಂದ ಪೀಣ್ಯಕ್ಕೆ ಬಂದು, ಕಬ್ಬಿಣ ಕಡೆಯುವ ಲೇತ್ ಮಷೀನಿನ ಮುಂದೆ ನಿಂತೇ ನಿವೃತ್ತರಾದವರು. ಶಿವು ಕೂಡ ಪೀಣ್ಯದ ಬೇರೊಂದು ಕಾರ್ಖಾನೆಯಲ್ಲಿ ಅದೇ ಕೆಲಸಕ್ಕೆ ಸೇರಿ, ರಜೆಯ ದಿನ ಸ್ನೇಹಿತರ ಮದುವೆಗಳಲ್ಲಿ ಫೋಟೊ ತೆಗೆಯುತ್ತಿದ್ದ. ಆ ವರ್ಷ ಅವನು ಶಿಫ್ಟು ಬಿಟ್ಟು ಪೂರಾ ಫೋಟೊಗ್ರಾಫರ್ ಆಗುತ್ತೇನೆ ಎಂದ. ಅವನ ಸೂಪರ್‌ವೈಸರ್ ಒಳ್ಳೆಯವರು. "ಆರು ತಿಂಗ್ಳು ನೋಡಪ್ಪ, ಆಗ್ಲಿಲ್ಲ ಅಂದ್ರೆ ವಾಪಸ್ ಬಾ" ಎಂದಿದ್ದರು. ಅಪ್ಪಾಜಿ ಒಂದೇ ಸಲ ಆಕ್ಷೇಪಿಸಿದರು.

"ಕಬ್ಬಿಣ ಸುಳ್ಳು ಹೇಳಂಗಿಲ್ಲಪಾ. ಫೋಟೋದಾಗ ಏನೈತಿ? ಎಲ್ಲಾ ಬೆಳಕಿನ ಆಟ."

ಈ ಮಾತನ್ನು ನಾನು ಗುರುತು ಹಾಕಿಕೊಂಡೆ. ಮುಂದೆ ಬೇಕಾಗಬಹುದು ಎನಿಸಿತು. ಬೇಕಾಯಿತು, ತಪ್ಪು ಕಾರಣಕ್ಕೆ.

ಶಿವುವಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ನಮ್ಮ ಮನೆ ಓನರ್ ರತ್ನಮ್ಮನವರ ಮಗಳು ಕಾವ್ಯಾಳ ಮದುವೆ. ರತ್ನಮ್ಮ ಬಾಗಲಗುಂಟೆಯ ಮೂಲದವರು. ಕೆಳಗೆ ಅವರ ಮನೆ, ಮೇಲೆ ನಾವು. ಆ ಬೀದಿಯ ಮದುವೆಗಳೆಲ್ಲ ಅವರ ಬಾಯಿಂದಲೇ ಗೊತ್ತಾಗುವುದು. ಆಲ್ಬಂ ಚೆನ್ನಾಗಿ ಬಂದರೆ ಶಿವು ಫೋಟೊಗ್ರಾಫರ್. ಬರದಿದ್ದರೆ ಪುನಃ ಲೇತಿನ ಮುಂದೆ. ಮೂವರಿಗೂ ಇದು ಗೊತ್ತಿತ್ತು. ಫೋಟೊಗಳನ್ನು ತಿದ್ದಲು ಹಳೆಯ ಡುಬ್ಬದ ಮಾನಿಟರ್ ಸಾಲದು ಎಂದು ಹೊಸದಕ್ಕೆ ಹೊರಟೆವು.

ಅಂಗಡಿಯವನು ಚುರುಕಿನ ಮನುಷ್ಯ. "ಏನ್ ಯೂಸ್‌ಗೆ ಸಾರ್?" ಎಂದ.

"ಫೋಟೊ ಎಡಿಟಿಂಗ್‌ಗೆ. ಮತ್ತೆ…" ಶಿವು ತಡವರಿಸಿ ನಮ್ಮ ಕಡೆ ನೋಡದೆ ಹೇಳಿದ, "ಸ್ವಲ್ಪ ಗೇಮಿಂಗ್‌ಗೂ."

ಶಿಫ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಶಿವು ಬಂದೂಕಿನ ಆಟವೊಂದನ್ನು ಆಡುತ್ತಿದ್ದ. ಸೈನಿಕನೊಬ್ಬ ಕತ್ತಲೆಯ ಗೋಡೌನುಗಳಲ್ಲಿ ನುಗ್ಗಿ ಶತ್ರುಗಳನ್ನು ಹುಡುಕುವುದು. ಅಪ್ಪಾಜಿ ಹಿಂದೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಪೇಪರು ಹಿಡಿದು, ಪೇಪರು ಓದದೆ ಕೂತಿರುತ್ತಿದ್ದರು. ಮದುವೆ ಫೋಟೊಗಳ ಕೆಲಸ ಬಂದ ಮೇಲೆ ಅವನು ಆ ಆಟವನ್ನು ಅರ್ಧಕ್ಕೇ ಬಿಟ್ಟಿದ್ದ.

"ನೋಡಿ ಸಾರ್," ಅಂಗಡಿಯವನು ಎರಡು ಮಾನಿಟರ್ ಹಚ್ಚಿದ. "ಗೇಮ್‌ಗೆ ಇದು. ಫಾಸ್ಟ್ ಇದೆ, ಬೆಣ್ಣೆ ಥರ ಓಡುತ್ತೆ. ಫೋಟೊಗೆ ಅದು. ಕಲರ್ ಸಕ್ಕತ್ತಾಗಿದೆ, ಆದ್ರೆ ಸ್ವಲ್ಪ ಸ್ಲೋ. ಎರಡೂ ಬೇಕು ಅಂದ್ರೆ ಎರಡು ತಗೊಂಡ್ಬಿಡಿ."

"ಎರಡಕ್ಕೂ ಆಗೋ ಅಂಥದ್ದು ಒಂದಿಲ್ವಾ?"

"ಇದೆ ಸಾರ್. ಆದ್ರೆ ಎರಡಕ್ಕೂ ಅರ್ಧರ್ಧ ಆಗುತ್ತೆ."

ನಿಜ ಹೇಳುವ ಅಂಗಡಿಯವನನ್ನು ಕಂಡರೆ ನಮ್ಮ ಮನೆಯವರಿಗೆ ಹೆಚ್ಚು ಅನುಮಾನ. ನಾವು ಮೂವರೂ ಕಾರ್ಯಪ್ರವೃತ್ತರಾದೆವು. ಶಿವು ಮೊದಲ ಮಾನಿಟರಿನ ಮುಂದೆ ಕೂತ, ನಿಂತ, ಪಕ್ಕಕ್ಕೆ ಸರಿದ. ತಲೆ ಆಡಿಸಿದ ಹಾಗೆಲ್ಲ ಅದರಲ್ಲಿದ್ದ ಗಿಳಿಯ ಹಸಿರು ಬದಲಾಗುತ್ತಿತ್ತು. ಅಪ್ಪಾಜಿ ಒಂದು ಕಣ್ಣು ಮುಚ್ಚಿ, ಕಬ್ಬಿಣದ ಸಲಾಕೆಯ ನೇರ ನೋಡುವ ಹಾಗೆ, ಪರದೆಯ ಅಂಚಿನ ಗುಂಟ ನೋಡಿದರು. ನಾನು ಇವನ್ನು ಬಾಗಿಲ ಹೊರಗೆ ಬೆಳಕಿಗೆ ತಂದು ತೋರಿಸುವುದಕ್ಕೆ ಆಗುತ್ತದೆಯೇ ಎಂದು ಕೇಳಿದೆ.

"ಮೇಡಂ, ವೈರ್ ಅಷ್ಟುದ್ದ ಬರಲ್ಲ."

ವೈರಿನ ಕಾರಣಕ್ಕೆ ಮಾತ್ರ ನಿರಾಕರಿಸಿದ ಎಂಬುದನ್ನು ನಾನು ಗಮನಿಸಿದೆ. ಅಷ್ಟರಲ್ಲಿ ಅಪ್ಪಾಜಿ ಎರಡನೆಯ ಮಾನಿಟರಿನ ಕಡೆ ಬೆರಳು ತೋರಿಸಿ ಕೇಳಿದರು:

"ಇದರಾಗ ಕತ್ತಲ ಕೋಣಿಯೊಳಗ ನಿಂತಂವ ಕಾಣ್ತಾನೇನು?"

ಅಂಗಡಿಯವನು ಅಪ್ಪಾಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಗೇಮ್ ಯಾರು ಆಡೋದು, ನೀವಾ ಸಾರ್?"

ಎಲ್ಲರೂ ನಕ್ಕೆವು. ಅಪ್ಪಾಜಿಯೂ ನಕ್ಕರು. ಅವರು ಉತ್ತರ ಕೊಡಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಡೆಸ್ಕಿನಲ್ಲಿ ಇಂಥದ್ದನ್ನು ಬಿಟ್ಟರೆ ಮರುದಿನ ನೋಟಿಸು ಬರುತ್ತದೆ.

ಕೊನೆಗೆ ಫೋಟೊದ್ದನ್ನೇ ಕೊಂಡೆವು. ಗೇಮು ಅದರಲ್ಲೇ ಆದಷ್ಟು ಆಗಲಿ ಎಂದು ಶಿವು ತನಗೆ ತಾನೇ ಹೇಳಿಕೊಂಡ.

ಮಾನಿಟರನ್ನು ಹಚ್ಚಿದ ತಕ್ಷಣ ಕಂಡದ್ದು ಕಣ್ಣು ಕುಕ್ಕುವ ನೀಲಿ ಬೆಳಕು. ಕಾರ್ಖಾನೆಯಿಂದ ಬರುವಾಗ ಎಲ್ಲವೂ ಹೀಗೆಯೇ ಬರುತ್ತವೆ, ಅಂಗಡಿಯಲ್ಲಿ ಎದ್ದು ಕಾಣಲಿ ಎಂದು, ಎಂದ ಶಿವು. ಫೋಟೊ ಅಚ್ಚು ಹಾಕುವ ಲ್ಯಾಬಿನವರು ಅವನಿಗೆ ಒಂದು ಮಾದರಿ ಫೋಟೊ ಕೊಟ್ಟಿದ್ದರು. ಅದೇ ಫೋಟೊವನ್ನು ಪರದೆಯ ಮೇಲೂ ತೆರೆದು, ಕಾಗದದ್ದನ್ನು ಪಕ್ಕದಲ್ಲಿ ಹಿಡಿದು, ಎರಡೂ ಒಂದೇ ಥರ ಕಾಣುವವರೆಗೆ ಮಾನಿಟರಿನ ಗುಂಡಿಗಳನ್ನು ಒತ್ತುತ್ತ ಹೋದ. ಬೆಳಕು ಇಳಿಸಿದ. ನೀಲಿ ಇಳಿಸಿದ. ಪರದೆ ಮಂಕಾಯಿತು, ಆದರೆ ನಿಜವಾಯಿತು. ಪರೀಕ್ಷೆಗೆಂದು ತಾರಸಿಯಲ್ಲಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ಫೋಟೊ ತೆಗೆದು, ತಿದ್ದಿ, ಲ್ಯಾಬಿಗೆ ಕೊಟ್ಟು ಅಚ್ಚು ಹಾಕಿಸಿ ತಂದ. ಮೆಣಸಿನಕಾಯಿಯ ಕೆಂಪಿನ ವಿಷಯದಲ್ಲಿ ಅಪ್ಪಾಜಿಯ ಹತ್ತಿರ ರಿಯಾಯಿತಿ ಇಲ್ಲ. ಅವರು ಒಂದು ಕಾಯಿಯನ್ನು ಫೋಟೊದ ಮೇಲೆ ಇಟ್ಟು ನೋಡಿದರು.

"ಹ್ಞಾಂ. ಇದು ಮೆಣಸಿನಕಾಯಿ."

ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಅವರು ಯಾರಿಗೂ ಕೊಟ್ಟದ್ದು ನಾನು ಕಂಡಿಲ್ಲ.

ಕಾವ್ಯಾಳ ಮದುವೆ ಆಯಿತು. ಶಿವು ಬೆಳಿಗ್ಗೆ ಮತ್ತು ಸಂಜೆ ಫೋಟೊ ತಿದ್ದುತ್ತಿದ್ದ. ಮಧ್ಯಾಹ್ನ ಗಿರಾಕಿ, ಲ್ಯಾಬು ಎಂದು ಹೊರಗೆ. ಊಟವಾದ ಮೇಲೆ ನಾನೂ ಕಚೇರಿಗೆ. ಆಲ್ಬಮ್ಮಿಗೆ ಹೋಗುವ ಮುನ್ನ ತೋರಿಸಲೆಂದು ಅವನು ಕೆಲವು ಮಾದರಿ ಹಾಳೆಗಳನ್ನು ಅಚ್ಚು ಹಾಕಿಸಿ ರತ್ನಮ್ಮನವರಿಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು.

"ಏನ್ ಶಿವಣ್ಣ ಇದು? ನಮ್ಮುಡ್ಗಿ ಮದ್ವೇಗ್ ಕುಂತವ್ಳೋ ಆಸ್ಪತ್ರೇಲ್ ಮಲಗವ್ಳೋ? ಕಾಮಾಲೆ ಬಂದಂಗ್ ಕಾಣ್ತವ್ಳೆ!"

ನಾವು ಹಾಳೆಗಳನ್ನು ನೋಡಿದೆವು. ಆಕ್ಷೇಪಕ್ಕೆ ಆಧಾರವಿತ್ತು. ಕಾವ್ಯಾ ಹಳದಿ ಹಳದಿ. ಅಳಿಯನ ಮುಖ ಕಪ್ಪಿಟ್ಟಿತ್ತು. ಪುರೋಹಿತರು ಪೂರ್ತಿ ಕತ್ತಲೆಯಲ್ಲಿದ್ದರು.

"ಸೀರೆ ನೋಡವ್ವಾ ನೀನೇ," ರತ್ನಮ್ಮ ನನ್ನ ಕಡೆ ತಿರುಗಿದರು. "ಗುಲಾಬಿ ಸೀರೆ ಅದು. ಇಟ್ಟಿಗೆ ಗೂಡಿಂದ ತಂದಂಗೆ ಮಾಡವ್ನೆ. ಬೀಗರು ನೋಡಿದ್ರೆ ಏನಂದಾರು?"

"ಲ್ಯಾಬ್‌ನೋರ್ದು ಮಿಸ್ಟೇಕ್ ಆಂಟಿ, ಸರಿ ಮಾಡಿಸ್ತೀನಿ," ಎಂದ ಶಿವು.

ಲ್ಯಾಬಿನವನು ಫೋನಿನಲ್ಲಿ ಶಾಂತವಾಗಿದ್ದ. "ಗುರು, ನಮ್ ಮಷೀನ್ ಸರಿಯಾಗಿದೆ. ನಿನ್ ಫೈಲೇ ಹಂಗಿದೆ."

"ಫೈಲ್ ಸರಿಯಾಗಿದೆ ಗುರು. ನನ್ ಕಣ್ಮುಂದೆ ಇದೆ, ನೋಡ್ತಾ ಇದೀನಿ!"

ಇಂಥ ಸಂಭಾಷಣೆ ನನಗೆ ಹೊಸದಲ್ಲ. ನಮ್ಮ ಪತ್ರಿಕೆಯಲ್ಲಿ ಒಮ್ಮೆ ಮುಖಪುಟದ ಗಣ್ಯರೊಬ್ಬರ ಬಿಳಿ ಅಂಗಿ ತಿಳಿ ನೇರಳೆಯಾಗಿ ಅಚ್ಚಾಯಿತು. ಪುಟ ಕಟ್ಟಿದವರು ಮುದ್ರಣದವರನ್ನು ಕೇಳಿ ಎಂದರು. ಮುದ್ರಣದವರು ಶಾಯಿಯನ್ನು ತೋರಿಸಿದರು, ಶಾಯಿಯವರು ಕಾಗದವನ್ನು. ಕಾಗದದವರು, ಅಂಗಿಯೇ ಆ ಬಣ್ಣದ್ದಿರಬಹುದಲ್ಲ ಎಂದರು. ಅದನ್ನು ಗಣ್ಯರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ನನಗೆ ಅನಿಸಿದ್ದು ನಿಜ.

ಶಿವು ಇನ್ನೊಮ್ಮೆ ಎಲ್ಲವನ್ನೂ ಕೂತು ತಿದ್ದಿದ. ಬೇರೆ ಲ್ಯಾಬಿಗೆ ಕೊಟ್ಟ. ಅಲ್ಲಿಂದಲೂ ಕಾಮಾಲೆಯೇ ಬಂತು. ಆಮೇಲೆ ನಮ್ಮ ಮನೆಯಲ್ಲಿ ಅನುಮಾನಕ್ಕೆ ಹಬ್ಬ. ಎರಡು ಲ್ಯಾಬಿನವರೂ ಮಾತಾಡಿಕೊಂಡಿದ್ದಾರೆ ಎಂದು ಶಿವು. ಅಂಗಡಿಯವನು ಒಳಗೆ ಹಳೆಯ ಪರದೆ ಹಾಕಿ ಕೊಟ್ಟಿದ್ದಾನೆ ಎಂದು ನಾನು. ಡಬ್ಬಿ ಇಳಿಸಿ ಅಂಟಿಸಿದ್ದ ಟೇಪನ್ನು ಪರಿಶೀಲಿಸಿದೆ. ಬಾಗಲಗುಂಟೆಯ ವೋಲ್ಟೇಜು ಎಂದು ಪಕ್ಕದ ಮನೆಯವರು. ಅಪ್ಪಾಜಿ ಏನೂ ಹೇಳಲಿಲ್ಲ. ಅದನ್ನೂ ನಾನು ಗುರುತು ಹಾಕಿಕೊಂಡೆ.

ಒಂದು ಬೆಳಿಗ್ಗೆ ಶಿವು ಮಾನಿಟರಿನ ಮುಂದೆ ಕೂತವನು ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ.

"ಅಕ್ಕಾ, ಕೂತ ತಕ್ಷಣ ಸ್ಕ್ರೀನ್ ಬೇರೆ ಥರಾನೇ ಕಾಣುತ್ತೆ ಕಣೇ. ಸ್ವಲ್ಪ ಹೊತ್ತು ಕೂತ್ರೆ ಸರಿ ಹೋಗುತ್ತೆ. ಸ್ಕ್ರೀನ್ ಅಲ್ಲ, ನನ್ ಕಣ್ಣೇ ಏನೋ ಆಗಿದೆ."

ಅವನು ದಾಸರಹಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಿಸಿದರಂತೆ. ಎಲ್ಲವನ್ನೂ ಓದಿದನಂತೆ. ಕಣ್ಣು ಚೆನ್ನಾಗಿವೆ ಎಂದರಂತೆ.

"ಸರಿ ಹೋಯ್ತಲ್ಲ ಮತ್ತೆ?"

"ಆ ಪುಸ್ತಕ ತುಂಬಾ ಹಳೇದಾಗಿತ್ತು ಅಕ್ಕಾ. ಬಣ್ಣ ಎಲ್ಲ ಮಾಸಿತ್ತು."

ನಾನು ನಗಲಿಲ್ಲ. ನಮ್ಮ ಮನೆಯ ಅನುಮಾನ ಇಷ್ಟು ದಿನ ಹೊರಗಿನವರ ಮೇಲಿತ್ತು. ಈಗ ಹುಡುಗ ತನ್ನ ಕಣ್ಣನ್ನೇ ಸಾಕ್ಷಿಯಲ್ಲ ಎನ್ನುತ್ತಿದ್ದ. ಆ ಗುರುವಾರ ರೊಟ್ಟಿ ಮುರಿಯುತ್ತ ಅವನು ಹೇಳಿದ: "ಸೋಮವಾರ ಹೋಗಿ ಸೂಪರ್‌ವೈಸರ್‌ನ ನೋಡ್ತೀನಿ. ಶಿಫ್ಟ್ ಕೊಡಿ ಅಂತೀನಿ. ರತ್ನಮ್ಮ ಆಂಟಿ ಆಲ್ಬಂನ ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಲಿ."

ಅಪ್ಪಾಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗೂದಿದ್ರ ಊಟ ಬಿಟ್ಟು ಹೋಗಬ್ಯಾಡ. ಇನ್ನೊಂದು ರೊಟ್ಟಿ ಹಾಕ್ಕೊ" ಎಂದರು. ಅಷ್ಟೇ. ಕಬ್ಬಿಣ ಸುಳ್ಳು ಹೇಳುವುದಿಲ್ಲ ಎಂಬ ಅವರ ಹಳೆಯ ಹೇಳಿಕೆ ನನಗೆ ನೆನಪಾಯಿತು. ಮಗ ಕಾರ್ಖಾನೆಗೆ ಮರಳಿದರೆ ಸಂತೋಷಪಡುವವರು ಈ ಮನೆಯಲ್ಲಿ ಒಬ್ಬರೇ.

ಮರುದಿನ ಶುಕ್ರವಾರ, ಆ ವಾರ ಬದಲಾಗಿ ಬಿದ್ದ ನನ್ನ ರಜೆ. ಮಧ್ಯಾಹ್ನ ಶಿವು ಹೊರಗೆ ಹೋದ. ನಾನು ಒಳಗಿನ ಕೋಣೆಯಲ್ಲಿ ತಲೆನೋವೆಂದು ಮಲಗಿದ್ದೆ. ಕಚೇರಿಗೆ ಹೋಗಿದ್ದೇನೆ ಎಂದು ಅಪ್ಪಾಜಿ ತಿಳಿದುಕೊಂಡಿದ್ದರೇನೋ, ಅಥವಾ ನಿದ್ದೆ ಬಂದಿದೆ ಎಂದು. ಹಜಾರದಿಂದ ಮೌಸಿನ ಟಿಕ್ ಟಿಕ್ ಸದ್ದು ಕೇಳಿತು. ಎದ್ದು ಬಾಗಿಲ ಸಂದಿಯಿಂದ ನೋಡಿದೆ.

ಅಪ್ಪಾಜಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪರದೆಯಲ್ಲಿ ಗೋಡೌನು. ಸ್ಪೀಕರು ಬಂದ್. ಅವರ ಸೈನಿಕ ಮೆಲ್ಲಗೆ ಗೋಡೆಗೆ ಒತ್ತಿ ನಡೆಯುತ್ತಿದ್ದ. ಅಪ್ಪಾಜಿ ಅವನನ್ನು ಒಂದು ಕಡೆ ನಿಲ್ಲಿಸಿ, ಮಾನಿಟರಿನ ಅಂಚಿನ ಗುಂಡಿಯನ್ನು ಮೇಲೆ ಮೇಲೆ ಒತ್ತಿದರು. ಪರದೆ ಬೆಳ್ಳಗಾಯಿತು. ಡ್ರಮ್ಮಿನ ಹಿಂದೆ ಕತ್ತಲಲ್ಲಿ ಅಡಗಿದ್ದ ಒಬ್ಬ ಕಂಡ. ಸದ್ದಿಲ್ಲದೆ ಗುಂಡು ಹಾರಿತು. ಅವನು ಬಿದ್ದ.

"ಬಾ ಮಗನ," ಎಂದರು ಅಪ್ಪಾಜಿ, ಬಹಳ ಸಮಾಧಾನದಿಂದ.

ಸ್ವಲ್ಪ ಹೊತ್ತು ಆಡಿ ಆಟ ಮುಚ್ಚಿದರು. ಮತ್ತೆ ಮಾನಿಟರಿನ ಗುಂಡಿ ಒತ್ತಿದರು, ಈ ಸಲ ಹುಡುಕಿ, ಲೆಕ್ಕ ಹಾಕಿ. ಪರದೆ ಒಮ್ಮೆ ಕಪ್ಪಾಗಿ ಮರಳಿ ಹೊತ್ತಿಕೊಂಡಿತು. ಆ ಕಣ್ಣು ಕುಕ್ಕುವ ನೀಲಿ ನನಗೆ ಗುರುತು ಸಿಕ್ಕಿತು. ಮಾನಿಟರ್ ಬಂದ ಮೊದಲ ದಿನದ ಬೆಳಕು ಅದು. ಶಿವು ಕೂತು ಮಾಡಿದ್ದ ಸೆಟ್ಟಿಂಗೆಲ್ಲ ಅಳಿಸಿಹೋಗಿತ್ತು.

ಬೇಕೆಂದೇ ಮಾಡುತ್ತಿದ್ದಾರೆ ಎಂದುಕೊಂಡೆ. ಆ ಒಂದು ಕ್ಷಣ ಎಲ್ಲ ತುಣುಕುಗಳೂ ಸೇರಿದವು: ಆಕ್ಷೇಪ, ಮೌನ, ರೊಟ್ಟಿ. ಒಳ್ಳೆಯ ವರದಿಗೆ ಬೇಕಾದದ್ದೆಲ್ಲ ಇತ್ತು, ಆರೋಪಿಯ ಹೇಳಿಕೆಯೊಂದನ್ನು ಬಿಟ್ಟು.

"ಅಪ್ಪಾಜಿ, ಏನ್ ಮಾಡಿದ್ರಿ ಈಗ?"

ಅವರು ಬೆಚ್ಚಿಬೀಳಲಿಲ್ಲ. ಹೆಗಲ ಮೇಲಿನ ಟವಲಿನಿಂದ ಕೀಬೋರ್ಡು ಒರೆಸುತ್ತಿದ್ದರು.

"ಝೀರೋಕ್ಕ ತಂದು ಬಿಟ್ಟೀನವಾ."

"ಯಾಕೆ?"

"ಯಾಕಂದ್ರ? ನನ್ನ ಕೆಲಸ ಮುಗೀತು, ಅವ ಸಂಜಿಗೆ ಬರ್ತಾನ. ನಾ ಏರಿಸಿದ್ದು ಇಳಿಸಿದ್ದು ಹಂಗ ಬಿಟ್ಟು ಎದ್ರ ಅವ ಏನ್ ಮಾಡಬೇಕು? ಮಷೀನ್ ಬಿಡೋ ಮುಂದ ಒರೆಸಿ, ಝೀರೋ ಮಾಡಿ ಬಿಡಬೇಕು. ಮುಂದಿನ ಶಿಫ್ಟಿನಂವ ಬಂದು ತನ್ನ ಕೆಲಸಕ್ಕ ತಕ್ಕಂಗ ಹಚ್ಚಿಕೊಳ್ತಾನ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಪ್ಪಾಜಿ ದುಡಿದ ಕಡೆ ಒಂದೇ ಲೇತನ್ನು ಮೂರು ಶಿಫ್ಟಿನವರು ನಡೆಸುತ್ತಿದ್ದರು. ಹೋಗುವವನು ಕಬ್ಬಿಣದ ಚೂರು ಗುಡಿಸಿ, ಎಣ್ಣೆ ಒರೆಸಿ, ಅಳತೆಯ ಚಕ್ರಗಳನ್ನೆಲ್ಲ ಸೊನ್ನೆಗೆ ತಿರುಗಿಸಿ ಹೋಗಬೇಕು. ಹಾಗೆ ಮಾಡದವನ ಜೊತೆ ಅಪ್ಪಾಜಿ ಮಾತು ಬಿಟ್ಟದ್ದುಂಟು. ಅವರ ಪಾಲಿಗೆ ಅದೊಂದು ಮರ್ಯಾದೆ. ಆ ಮರ್ಯಾದೆಯನ್ನು ಅವರು ದಿನಾ ಮಧ್ಯಾಹ್ನ ಮಗನಿಗೂ ತಪ್ಪದೆ ಸಲ್ಲಿಸುತ್ತಿದ್ದರು. ಸಂಜೆ ಬಂದ ಶಿವು, ಪರದೆ ತಾನು ಇಟ್ಟಂತೆಯೇ ಇದೆ ಎಂದು ನಂಬಿ ಕೂರುತ್ತಿದ್ದ. ಅತಿ ಬೆಳಕಿನ ಪರದೆಯಲ್ಲಿ ಕಾವ್ಯಾ ಬಿಳಿಚಿ, ನೀಲಿಯಾಗಿ ಕಾಣುತ್ತಿದ್ದಳು. ಅವಳನ್ನು ಸರಿಮಾಡಲು ಅವನು ಕಪ್ಪು ಕೂಡಿಸುತ್ತಿದ್ದ, ಹಳದಿ ಕೂಡಿಸುತ್ತಿದ್ದ. ಪರದೆಯ ಮೇಲೆ ಹುಡುಗಿ ಸರಿಹೋಗುತ್ತಿದ್ದಳು. ಕಾಗದಕ್ಕೆ ಬಂದಾಗ ಕಾಮಾಲೆ.

"ಅವನು ಹಚ್ಚಿಕೊಳ್ಳಲ್ಲ ಅಪ್ಪಾಜಿ," ಎಂದೆ. "ಒಂದು ಸಲ ಹಚ್ಚಿದ್ದಾನೆ, ಅಷ್ಟೇ. ಅದು ಹಾಗೇ ಇರಬೇಕು. ಫೋಟೊ ಎಲ್ಲ ಕೆಡ್ತಿರೋದು ಅದಕ್ಕೇ."

ಅಪ್ಪಾಜಿಯ ಕೈಯಲ್ಲಿದ್ದ ಟವಲು ನಿಂತಿತು. ಅವರು ಪರದೆಯನ್ನು ನೋಡಿದರು. ನನ್ನನ್ನು ನೋಡಿದರು.

"ಕಣ್ಣು ತೋರಿಸಾಕ ಹೋಗಿದ್ದು… ಇದಕ್ಕನಾ?"

ಹೌದು ಎಂದೆ. ಅವರು ಟವಲನ್ನು ಮಡಿಸಿ ಕೀಬೋರ್ಡಿನ ಪಕ್ಕಕ್ಕೆ ಇಟ್ಟರು.

"ಗೇಮ್ ಆಡ್ತೀನಿ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೇಳಲಿಲ್ಲ."

ಅಂಗಡಿಯವನನ್ನು, ಲ್ಯಾಬಿನವರನ್ನು, ವೋಲ್ಟೇಜನ್ನು, ಡಬ್ಬಿಯ ಟೇಪನ್ನು, ಎಲ್ಲರನ್ನೂ ಎಲ್ಲವನ್ನೂ ವಿಚಾರಿಸಿದ್ದ ನಾನು ಆ ಮಾತಿಗೆ ತಿದ್ದುಪಡಿ ಸೂಚಿಸಲಿಲ್ಲ.

ಶಿವುವಿಗೆ ಹೇಗೆ ಹೇಳುವುದೆಂದು ನಾನು ವಾಕ್ಯ ಕಟ್ಟುತ್ತಿದ್ದೆ, ಹೆಸರು ಬಾರದ ಹಾಗೆ. ಅದು ಬೇಕಾಗಲಿಲ್ಲ. ಸಂಜೆ ಅವನು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಅಪ್ಪಾಜಿ ಎದ್ದು ನಿಂತರು.

"ಶಿವೂ, ನಿನ್ನ ಕಣ್ಣು ಸರಿ ಅದಾವು. ಮಷೀನಿನ ಸೆಟ್ಟಿಂಗ್ ನಾ ಕೆಡಿಸೀನಿ. ದಿನಾ."

ಶಿವು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಇಡೀ ಕತೆ ಕೇಳಿದ. ಸಿಟ್ಟಾಗುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಬೇರೆ.

"ನೀವು ಆ ಗೇಮ್ ಆಡ್ತೀರಾ ಅಪ್ಪಾಜಿ?"

"ನೀ ಅರ್ಧಕ್ಕ ಬಿಟ್ಟಿದ್ದೆಲ್ಲ. ಕೆಲಸ ಅರ್ಧಕ್ಕ ನಿಲ್ಲಬಾರದು ಅಂತ ಮುಂದ ನಡೆಸೀನಿ."

"ನಾನು ಆ ಬ್ರಿಡ್ಜ್ ದಾಟಕ್ಕೇ ಆಗಿರ್ಲಿಲ್ಲ!"

"ಅದನ್ನ ದಾಟಿ ತಿಂಗಳಾತು."

ಶಿವು ಕುರ್ಚಿಯ ಮೇಲೆ ಕೂತ. ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ನನಗೆ ಖಚಿತವಾಗಲಿಲ್ಲ, ಖಚಿತವಾಗದ್ದನ್ನು ಬರೆಯುವುದಿಲ್ಲ.

ಆಮೇಲೆ ಮಾದರಿ ಫೋಟೊ ಹೊರಬಂತು. ಮಗ ಗುಂಡಿ ಒತ್ತಿದ, ತಂದೆ ಪಕ್ಕದಲ್ಲಿ ನಿಂತರು. ಎರಡೂ ಬಣ್ಣ ಒಂದಾದಾಗ ಅಪ್ಪಾಜಿ, "ನಂಬರ್ ಹೇಳು" ಎಂದರು. ಶಿವು ಓದಿದ: ಬ್ರೈಟ್‌ನೆಸ್ ಮೂವತ್ತೆರಡು, ನೀಲಿ ನಲವತ್ತನಾಲ್ಕು. ಅಪ್ಪಾಜಿ ಎರಡು ಸಲ ಬಾಯಲ್ಲೇ ಹೇಳಿಕೊಂಡರು. ಬರೆದುಕೊಳ್ಳಲಿಲ್ಲ. ಲೇತಿನ ಅಳತೆಗಳನ್ನು ಅವರು ಎಂದೂ ಬರೆದುಕೊಂಡವರಲ್ಲ.

ಶಿವು ಶನಿವಾರ, ಭಾನುವಾರ ಕೂತು ಎಲ್ಲ ಫೋಟೊಗಳನ್ನೂ ಮೊದಲಿನಿಂದ ತಿದ್ದಿದ. ಸೋಮವಾರ ಹೋದದ್ದು ಸೂಪರ್‌ವೈಸರ್ ಹತ್ತಿರ ಅಲ್ಲ, ಲ್ಯಾಬಿಗೆ. ಹೊಸ ಹಾಳೆಗಳು ಬಂದಾಗ ರತ್ನಮ್ಮ ಅವನ್ನು ಮನೆಯೊಳಗೆ ನೋಡಲು ಒಪ್ಪಲಿಲ್ಲ. ಧಾರೆ ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ತಾರಸಿಗೆ ಹತ್ತಿದರು. ಬಿಸಿಲಿನಲ್ಲಿ ಸೆರಗನ್ನು ಹರಡಿ, ಪಕ್ಕದಲ್ಲಿ ಹಾಳೆ ಇಟ್ಟು, ಒಂದು ಕಣ್ಣು ಮುಚ್ಚಿದರು. ನಾವು ಮೂವರೂ ನೀರಿನ ಟ್ಯಾಂಕಿನ ನೆರಳಲ್ಲಿ ಜಾಮೀನಾಗಿ ನಿಂತಿದ್ದೆವು. ಅಪ್ಪಾಜಿ ನನ್ನ ಕಡೆ ನೋಡಿದರು. ಇಬ್ಬರಿಗೂ ಒಂದೇ ನೆನಪು ಬಂದಿರಬೇಕು.

"ಊಂ," ಎಂದರು ರತ್ನಮ್ಮ ಕೊನೆಗೆ. "ಈಗ್ ನಮ್ಮುಡ್ಗಿ ಆದ್ಲು." ಎರಡು ಹೆಜ್ಜೆ ಇಟ್ಟು ತಿರುಗಿದರು. "ಆದ್ರೂ ಶಿವಣ್ಣ, ಮೂಗು ಇಷ್ಟು ದಪ್ಪ ಎಂಗಾಯ್ತು?"

"ಅದು ಒರಿಜಿನಲ್ ಆಂಟಿ."

"ಥೂ ನಿನ್ನ," ಎಂದು ಅವರು ನಗುತ್ತ ಕೆಳಗಿಳಿದರು. ಆ ವರ್ಷ ನಮ್ಮ ಬೀದಿಯ ಇನ್ನೆರಡು ಮದುವೆಗಳ ಫೋಟೊ ತೆಗೆದವನು ಶಿವು.

ಒಂದು ಮಾನಿಟರ್ ಎರಡು ಕೆಲಸಕ್ಕೂ ಅರ್ಧರ್ಧ ಆಗುತ್ತದೆ ಎಂದಿದ್ದ ಅಂಗಡಿಯವನು. ಅವನು ಮನೆಯಲ್ಲಿ ಇನ್ನೊಂದು ಶಿಫ್ಟು ಇದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಂದಿನಿಂದ ಅಪ್ಪಾಜಿ ತಮ್ಮ ಆಟಕ್ಕೆ ಬೆಳಕು ಏರಿಸಿಕೊಂಡರೂ ಏಳುವ ಮುನ್ನ ಮಗನ ನಂಬರಿಗೆ ತಂದು, ಒರೆಸಿ, ಹೊರಬಂದು "ಶಿಫ್ಟ್ ಬಿಟ್ಟೆ" ಎಂದು ಹೇಳುತ್ತಿದ್ದರು. ಮೊದಲ ಕೆಲವು ವಾರ ನಾನು ರಜೆಯ ದಿನ ಹೋಗಿ ಪರಿಶೀಲಿಸಿದೆ. ಒಂದು ಸಲವೂ ತಪ್ಪಿರಲಿಲ್ಲ.

2019ರ ಫೆಬ್ರುವರಿಯಲ್ಲಿ ಶಿವು ಫೋಟೊ ಕೆಲಸಕ್ಕೆಂದೇ ಹೊಸ ಮಾನಿಟರ್ ಕೊಂಡ. ಅದರ ಡಬ್ಬಿ ಅಟ್ಟದಲ್ಲಿದೆ. ಹಳೆಯ ಮಾನಿಟರ್ ಅಪ್ಪಾಜಿಯ ಕೋಣೆಗೆ ಹೋಯಿತು. ಅದನ್ನು ಬಳಸುವವರು ಈಗ ಅವರೊಬ್ಬರೇ. ಮೊನ್ನೆ ಸಂಜೆ ಅವರು ವಾಕಿಂಗಿಗೆ ಹೋದ ಮೇಲೆ ನಾನು ಗುಂಡಿ ಒತ್ತಿ ನೋಡಿದೆ. ಬ್ರೈಟ್‌ನೆಸ್ ಮೂವತ್ತೆರಡು, ನೀಲಿ ನಲವತ್ತನಾಲ್ಕು.